ಸೂಜಿಗಿಂತ ಮೊದಲೇ ಚುಚ್ಚುವ ಭಯ

ಮಕ್ಕಳ ಗದ್ದಲ ಮಿತಿಮೀರಿದಾಗ ಹಿರಿಯರ ಬಾಯಿಂದ ಹೊರಡುವ ಬೆದರಿಕೆಗಳಲ್ಲಿ ಒಂದು ಬಹು ಹಳೆಯದು: "ತಾಳು, ಡಾಕ್ಟರ ಹತ್ತಿರ ಇಂಜೆಕ್ಷನ್ ಕೊಡಿಸುತ್ತೇನೆ!" ಆ ಗಳಿಗೆಗೆ ಮನೆ ಶಾಂತವಾಗುವುದೇನೋ ನಿಜ. ಆದರೆ ಐದನೆಯ ವರ್ಷದ ಲಸಿಕೆಗೆಂದು ಅದೇ ಮಗುವನ್ನು ಕರೆದೊಯ್ದ ದಿನ ಆ ಮಾತಿನ ಬೆಲೆಯನ್ನು ತಾಯಿಯೇ ತೆರಬೇಕಾಗುತ್ತದೆ. ಬೆದರಿಕೆಯ ಮೇಲೆ "ನೋವೇ ಆಗುವುದಿಲ್ಲ ಪುಟ್ಟಾ" ಎಂಬ ಸುಳ್ಳೂ ಸೇರಿದರೆ, ಮುಂದಿನ ಬಾರಿ ಮಗು ಅವಳ ಮಾತನ್ನು ನಂಬಲೊಲ್ಲದು.

ಸೂಜಿಯ ನೋವು ಕ್ಷಣಗಳದು. ಅದನ್ನು ಹಿಗ್ಗಿಸುವುದು ನಿರೀಕ್ಷೆ. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಗೆಯ ಬಾಗಿಲುಂಟು, ಮಿದುಳು ಅದನ್ನು ತೆರೆಯಲೂ ಮುಚ್ಚಲೂ ಬಲ್ಲುದು ಎಂಬ ವಾದವನ್ನು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಮಂಡಿಸಿದರು. ಅದರ ಕೆಲವು ವಿವರಗಳು ಮುಂದೆ ತಿದ್ದುಪಡಿಗೊಂಡವು, ತಿರುಳು ನಿಂತಿತು. ಮನಸ್ಸು ಬೇರೆಡೆ ನೆಟ್ಟಾಗ ನೋವು ತಗ್ಗುವುದು ಬರಿಯ ಭ್ರಮೆಯಲ್ಲ.

ಆದುದರಿಂದ ಮಗುವನ್ನು ಮಲಗಿಸಿ ಅದುಮಿ ಹಿಡಿಯಬೇಡಿ. ನೆಟ್ಟಗೆ ಕೂರಿಸಿ ಬಳಿಯಲ್ಲೇ ಇರಿ. ಸಾಬೂನಿನ ಗುಳ್ಳೆಗಳನ್ನೋ ಕಾಗದದ ಗಾಳಿಚಕ್ರವನ್ನೋ ಊದಿಸಿ. ಊದುವಾಗ ಉಸಿರು ನೀಳವಾಗಿ, ಬಿಗಿದ ತೋಳು ಸಡಿಲಗೊಳ್ಳುತ್ತದೆ. ಕಥೆ ಹೇಳುವಿರಾದರೆ ಅದರಲ್ಲಿ ಮಗುವಿಗೂ ಪಾಲಿರಲಿ. "ಆಮೇಲೆ ನರಿ ಎಲ್ಲಿ ಅಡಗಿತು, ಹೇಳು?" ಎಂದರೆ ಉತ್ತರ ಹುಡುಕುವ ಮನಸ್ಸಿಗೆ ಸೂಜಿಯನ್ನು ಕಾಯುತ್ತ ಕೂರಲು ಪುರಸೊತ್ತೆಲ್ಲಿ? "ಅಗೋ, ಕಾಗೆ!" ಎಂದು ಮರೆಮಾಚಿ ಚುಚ್ಚಿಸುವುದು ಮಾತ್ರ ಮೋಸ, ಅದು ಒಮ್ಮೆ ನಡೆದೀತು, ಮತ್ತೊಮ್ಮೆ ನಡೆಯದು. "ಸ್ವಲ್ಪ ಒತ್ತಿದಂತಾಗಬಹುದು, ಆಗ ನಾವಿಬ್ಬರೂ ಗುಳ್ಳೆ ಊದೋಣ" ಎಂದು ಮೊದಲೇ ಹೇಳಿಬಿಡಿ.

ಎಳೆಗೂಸಿಗಾದರೋ ತಾಯಿಯ ಮಡಿಲು ಮತ್ತು ಎದೆಹಾಲು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಗಳಲ್ಲಿ ಇದೂ ಒಂದು. ಚುಚ್ಚುವ ಜಾಗವನ್ನು ಉಜ್ಜುವ ನಮ್ಮ ವಾಡಿಕೆಗೆ ಅಲ್ಲಿ ಮನ್ನಣೆಯಿಲ್ಲ.

ಇನ್ನು ರಕ್ತಪರೀಕ್ಷೆಯ ಕುರ್ಚಿಯಲ್ಲಿ ಬಿಳಿಚಿಕೊಳ್ಳುವ ಮೀಸೆ ಹೊತ್ತ ಯಜಮಾನರು! ಇವರ ಭಯ ನಗೆಯ ವಿಷಯವಲ್ಲ. ಸೂಜಿಗಂಜಿ ಇನ್ಸುಲಿನ್ನನ್ನೇ ಮುಂದೂಡುವವರುಂಟು. ಸೂಜಿ ತಾಗುವ ಹೊತ್ತಿಗೆ ಮೆಲ್ಲನೆ ಕೆಮ್ಮುವುದು ದೊಡ್ಡವರಿಗೆ ಸುಲಭೋಪಾಯ. ಮೊದಲು ದಾದಿಗೆ ತಿಳಿಸಿರಬೇಕು, ತೋಳು ಅಲುಗಬಾರದು. ಹಿಂದೆ ತಲೆ ಸುತ್ತಿ ಬಿದ್ದವರು ಅದನ್ನು ಮುಚ್ಚಿಡದೆ ಹೇಳಿ ಮಲಗಿಕೊಳ್ಳಲಿ. ಸೂಜಿಯ ತೋಳನ್ನು ಸಡಿಲಬಿಟ್ಟು, ಕಾಲು ಹೊಟ್ಟೆಗಳ ಸ್ನಾಯುಗಳನ್ನು ಮುಖ ಬೆಚ್ಚಗಾಗುವವರೆಗೆ ಬಿಗಿಹಿಡಿದು ಬಿಡುತ್ತಿರಲಿ.