ಜೀನ್ ತಿದ್ದಿದರೆ ಜಾತಿ ಹೋದೀತೇ?

ಮುಂದೊಂದು ದಿನ ಜೀನ್ ತಿದ್ದಿ, ಮೆದುಳಿಗೆ ಚಿಪ್ ಕೂರಿಸಿ ಎಲ್ಲರನ್ನೂ ಸಮಾನರನ್ನಾಗಿ ಮಾಡಬಹುದು ಅನ್ನುವವರಿದ್ದಾರೆ. ಹಾಗೆ ನಂಬುವ ಮೊದಲು ಅರಸೀಕೆರೆ ರೈಲ್ವೆ ಜಂಕ್ಷನ್ ನೋಡಿ. ರೈಲಿನ ಬೆನ್ನಿಗೆ ಬರುವ ಕೈಗಾರಿಕೆ ಜಾತಿಯ ಬುಡವನ್ನೇ ಕರಗಿಸುತ್ತದೆ ಎಂದು 1853ರಲ್ಲಿ ಕಾರ್ಲ್ ಮಾರ್ಕ್ಸ್ ಬರೆದಿದ್ದರು. ರೈಲು ಬಂತು, ಬೇರೆ ಬೇರೆ ಕೇರಿಯವರನ್ನು ಒಂದೇ ಬೋಗಿಯಲ್ಲಿ ಕೂರಿಸಿತು. ಅದೇನೂ ಸಣ್ಣ ಮಾತಲ್ಲ. ಆದರೆ 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಂತರ್ಜಾತಿ ಮದುವೆ ಸುಮಾರು ಶೇ. 5 ಮಾತ್ರ. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹಿಂದೆ ದಲಿತರನ್ನು ಬಿಡುತ್ತಿದ್ದದ್ದೇ ವರ್ಷದಲ್ಲಿ ಕೆಲವು ದಿನ. ಮಿಕ್ಕ ದಿನ ತಡೆದದ್ದು ಅವರು ಹುಟ್ಟಿದ ಮನೆಯನ್ನು ನೋಡಿ. ದೇಹದಲ್ಲಿ ಇಲ್ಲದ ಕೊರತೆಯನ್ನು ಯಾವ ಚಿಕಿತ್ಸೆ ಸರಿಪಡಿಸೀತು?

ಬಡವ-ಬಲ್ಲಿದರ ಅಂತರವಾದರೂ ತಗ್ಗಬಹುದಲ್ಲ ಎಂದು ಕೇಳಬಹುದು. ತಗ್ಗೀತು, ಎಲ್ಲರ ಕೈಗೂ ಎಟುಕಿದರೆ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ 2023ರಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಕ್ಯಾಸ್‌ಜೆವಿಗೆ ಅಮೆರಿಕದಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್. ಆ ಕಾಯಿಲೆ ನಮ್ಮಲ್ಲಿ ಹೆಚ್ಚಾಗಿ ಕಾಡುವುದು ಆದಿವಾಸಿಗಳನ್ನು! ಪೋಲಿಯೊ ಹನಿ ಪ್ರತಿ ಹಟ್ಟಿಗೂ ತಲುಪಿದ್ದು ಸರ್ಕಾರ ಅದನ್ನು ಪುಕ್ಕಟೆಯಾಗಿ ಹಾಕಿಸಿದ್ದರಿಂದ. ಜೀನ್ ಚಿಕಿತ್ಸೆಯೂ ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದವರಿಗೆ ಸಿಗುವಂಥ ಕಾನೂನನ್ನು ನಾವು ಈಗಲೇ ಕೇಳಬೇಕು.