ಮರಡಿಯ ಹಕ್ಕಿಗಳೂ ತೊಗರಿಯ ಕೀಡೆಯೂ



ದಸರೆಯ ಬನ್ನಿ ಮುಗಿದು ಸೀಗೆ ಹುಣ್ಣಿಮೆ ಬರುವ ಹೊತ್ತಿಗೆ ಮಟಕಿ, ಆಳಂದ ಸೀಮೆಯ ಹೊಲಗಳಲ್ಲಿ ತೊಗರಿ ಎದೆಯೆತ್ತರ ಬೆಳೆದು ಮೊಗ್ಗು ಹಿಡಿಯುತ್ತದೆ. ಕಾಯಿಕೊರಕ ಕೀಡೆಯ ಕಾಲವೂ ಅದೇ. ಆ ದಿನಗಳಲ್ಲಿ ಒಂದು ಬೆಳಗ್ಗೆ, ಹೊತ್ತು ಮೂಡುವಾಗ, ನಿಮ್ಮೂರ ಸಮೀಪದ ಮರಡಿಯನ್ನು ಹತ್ತಿರಿ. ದನ ಮೇಯಿಸಲಿಕ್ಕಲ್ಲ, ಹಕ್ಕಿಗಳನ್ನು ನೋಡಲಿಕ್ಕೆ. ಎತ್ತರದಲ್ಲಿ ನಿಂತರೆ ಹತ್ತು ಹೊಲ ಒಟ್ಟಿಗೆ ಕಾಣುತ್ತವೆ. ಯಾವ ಹಕ್ಕಿ ಎಲ್ಲಿ ಕೂತು ಏನು ಹಿಡಿಯುತ್ತದೆಂಬುದು ತಿಳಿಯುತ್ತದೆ.

ಮನೆಯ ನಾಯಿ ಬೆನ್ನು ಹತ್ತದೆ ಬಿಡದು. ಬರಲಿ, ಆದರೆ ಕೊರಳಿಗೆ ಹಗ್ಗವಿರಲಿ. ಬಿಟ್ಟ ನಾಯಿ ಮುಂದೆ ಓಡಿದರೆ ನಿಮಗೆ ಕಾಣುವುದು ಹಕ್ಕಿಗಳ ಬಾಲ ಮಾತ್ರ. ಹಗ್ಗದಲ್ಲಿರುವ ನಾಯಿ ಕಿವಿ ನೆಟ್ಟಗೆ ಮಾಡಿ ನಿಂತರೆ ನೀವೂ ನಿಲ್ಲಿರಿ. ಅಲ್ಲಿ ಹುಲ್ಲಿನಲ್ಲಿ ಗೌಜಲ ಹಕ್ಕಿ ಅಡಗಿರಬಹುದು. ನಾಯಿ ಬಿಟ್ಟು ಮೊಲ, ಗೌಜಲ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೆಂದು ಹುಡುಗರಿಗೂ ತಿಳಿಸಿರಿ.

ಮೊದಲು ಕಣ್ಣಿಗೆ ಬೀಳುವುದು ಕಾಜಾಣ, ಅಂದರೆ ಬಾಲ ಕವಲೊಡೆದ ಕಪ್ಪು ಹಕ್ಕಿ. ತಂತಿಯ ಮೇಲೋ ಜಾಲಿಯ ತುದಿಯಲ್ಲೋ ಕೂತು, ಹುಳ ಕಂಡೊಡನೆ ಹಾರಿ ಹಿಡಿದು, ಮತ್ತೆ ಅದೇ ಜಾಗಕ್ಕೆ ಬರುತ್ತದೆ. ನಮ್ಮ ರಾಜ್ಯಪಕ್ಷಿಯಾದ ನೀಲಕಂಠವೂ ಹಾಗೆಯೇ ಬೇಟೆಯಾಡುತ್ತದೆ. ನೆರೆಯ ತೆಲಂಗಾಣದಲ್ಲಿ ದಸರೆಯ ದಿನ ಇದರ ದರ್ಶನ ಶುಭವೆನ್ನುತ್ತಾರೆ. ಶುಭ ಹೌದೋ ಅಲ್ಲವೋ, ಮಿಡತೆ ತಿನ್ನುವುದಂತೂ ನಿಜ. ಬೆಳೆಯ ಮೇಲೆ ರೆಕ್ಕೆ ಅಲುಗಿಸದೆ ತೇಲುವ, ಗಿಡುಗದಂಥ ದೊಡ್ಡ ಹಕ್ಕಿ ಕಂಡರೆ ಅದು ಸೆಳೆವ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬರುತ್ತದೆ. ಮಿಡತೆ, ಇಲಿ ಹಿಡಿಯುತ್ತದೆ. ರಾತ್ರಿ ಮರದಲ್ಲಿ ಕೂಡದೆ ಹುಲ್ಲಿನ ನೆಲದಲ್ಲೇ ಮಲಗುವುದರಿಂದ ಸಂಜೆಯ ಮೇಲೆ ನಾಯಿಯನ್ನು ಅಲ್ಲಿ ಬಿಡಬೇಡಿರಿ.

ಇದೆಲ್ಲದರಿಂದ ತೊಗರಿಗೇನು ಲಾಭವೆಂದು ಕೇಳುವಿರಿ. ಕಾಯಿಕೊರಕ ಕೀಡೆ ಕಾಯಿಯೊಳಗೆ ತಲೆ ತೂರಿಸಿ ಕಾಳು ತಿನ್ನುವಾಗ ಅದರ ಹಿಂಭಾಗ ಹೊರಗೇ ಇರುತ್ತದೆ. ಹಕ್ಕಿಗೆ ಅಷ್ಟೇ ಸಾಕು. ಆದರೆ ಕೂಡಲು ಆಸರೆಯಿಲ್ಲದ ಹೊಲಕ್ಕೆ ಕಾಜಾಣ ಬರುವುದು ಕಡಿಮೆ. ಆದ್ದರಿಂದ ಎಕರೆಗೆ ಎಂಟು ಹತ್ತು ಕವಲುಕೋಲುಗಳನ್ನು, ಬೆಳೆಗಿಂತ ಒಂದೆರಡು ಅಡಿ ಎತ್ತರವಾಗಿ ನೆಡಿರಿ. ಖರ್ಚು ಕೊಡಲಿಯ ಕೆಲಸವಷ್ಟೇ.

1997-98ರಲ್ಲಿ ನಮ್ಮ ಜಿಲ್ಲೆಯ ತೊಗರಿಯನ್ನು ಈ ಕೀಡೆ ಹಾಳುಮಾಡಿದ್ದನ್ನು ಹಿರಿಯರು ಮರೆತಿಲ್ಲ. ಕೀಡೆ ಔಷಧಕ್ಕೆ ಒಗ್ಗಿಹೋಗಿತ್ತು. ಸಾಲ ಮಾಡಿ ಮೇಲಿಂದ ಮೇಲೆ ಹೊಡೆದವರಿಗೂ ಬೆಳೆ ದಕ್ಕಲಿಲ್ಲ. ಆ ಬಳಿಕ ಗಿಡ ಅಲುಗಿಸಿ ಕೀಡೆಯನ್ನು ತಾಡಪತ್ರಿಯ ಮೇಲೆ ಉದುರಿಸುವ ಹಳೆಯ ಪದ್ಧತಿಗೆ ಮತ್ತೆ ಬೆಲೆ ಬಂತು. ಔಷಧ ಬೇಡವೆಂದಲ್ಲ. ಗಿಡದಲ್ಲಿ ಕೀಡೆ ಎಷ್ಟಿವೆಯೆಂದು ಎಣಿಸಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಬೇಕಾದಾಗ ಮಾತ್ರ ಹೊಡೆಯಿರಿ. ವಿಷ ತಿಂದ ಹುಳುವನ್ನು ತಿಂದರೆ ಹಕ್ಕಿಗೂ ಅಪಾಯವುಂಟು.

ಎಲ್ಲ ಹಕ್ಕಿಗಳೂ ನೆಂಟರಲ್ಲ. ಗಿಳಿಗಳು ತೊಗರಿ ಕಾಯಿಗೇ ಬೀಳುತ್ತವೆ. ಹಿಂಡುಹಿಂಡಾಗಿ ಬರುವ ಗುಲಾಬಿ ಮೈಯ ಕಬ್ಬಕ್ಕಿ ಹುಳ ತಿನ್ನುವುದಾದರೂ ಹಾಲುಗಾಳಿನ ಜೋಳವನ್ನೂ ಬಿಡದು. ಅಂಥ ಹೊಲಕ್ಕೆ ಕಾವಲು ಬೇಕೇ ಬೇಕು. ತೊಗರಿಯ ಕಾಯಿ ಬಲಿತ ಮೇಲೆ ಗಿಳಿಗಳು ಬಂದು ಕೂಡತೊಡಗಿದರೆ ಕೋಲುಗಳನ್ನು ಕಿತ್ತು ಕಣದ ಬದಿಗೆ ಇಟ್ಟುಕೊಳ್ಳಿರಿ, ಮುಂದಿನ ವರ್ಷಕ್ಕೆ ಬರುತ್ತವೆ.