ಎರಡನೇ ಸರ್ವ್‌ನ ಲೆಕ್ಕ

ಭಾನುವಾರ ಬೆಳಗ್ಗೆ ಯಾವುದಾದರೂ ಕ್ಲಬ್ಬಿನ ಟೆನಿಸ್ ಕೋರ್ಟಿನ ಪಕ್ಕ ಅರ್ಧ ಗಂಟೆ ನಿಂತು ನೋಡಿ. ಮೊದಲ ಸರ್ವ್‌ಗೆ ಆಟಗಾರ ಮೈಯಲ್ಲಿರುವ ಶಕ್ತಿಯನ್ನೆಲ್ಲ ಸುರಿದು ರಾಕೆಟ್ ಬೀಸುತ್ತಾನೆ. ಚೆಂಡು ನೆಟ್‌ಗೆ ಬಡಿಯುತ್ತದೆ, ಇಲ್ಲವೇ ಸರ್ವಿಸ್ ಗೆರೆ ದಾಟಿ ಎಲ್ಲೋ ಬೀಳುತ್ತದೆ. ಎರಡನೇ ಸರ್ವ್ ಬಂತೆಂದರೆ ಅದೇ ಆಟಗಾರನ ಮೊಣಕೈ ಬಿಗಿಯುತ್ತದೆ. ರಾಕೆಟ್ ಚೆಂಡಿನ ಹತ್ತಿರ ಬರುವಷ್ಟರಲ್ಲಿ ವೇಗ ಕಳೆದುಕೊಂಡಿರುತ್ತದೆ. ಹೊಡೆತ ಹೋಗಿ ತಳ್ಳಾಟವಾಗುತ್ತದೆ. ಅಷ್ಟರಲ್ಲಿ ಎದುರಾಳಿ ಎರಡು ಹೆಜ್ಜೆ ಮುಂದೆ ಬಂದು ಕಾದು ನಿಂತಿರುತ್ತಾನೆ.

ಇದನ್ನು ಅಭ್ಯಾಸದ ಕೊರತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಸರ್ವ್ ಎಂಬುದು ಮೊದಲು ರೇಖಾಗಣಿತ, ಆಮೇಲೆ ಸಂಭವನೀಯತೆಯ ಲೆಕ್ಕ. ಎರಡನ್ನೂ ಒಮ್ಮೆ ಮನಸ್ಸಿಗೆ ತಂದುಕೊಂಡರೆ ಅಭ್ಯಾಸದ ದಿಕ್ಕೇ ಬದಲಾಗುತ್ತದೆ.

ಬೇಸ್‌ಲೈನಿನಿಂದ ನೆಟ್‌ಗೆ 11.89 ಮೀಟರ್. ನೆಟ್‌ನಿಂದ ಆಚೆಯ ಸರ್ವಿಸ್ ಗೆರೆಗೆ 6.40 ಮೀಟರ್. ನೆಟ್‌ನ ನಡುಭಾಗದ ಎತ್ತರ 91.4 ಸೆಂಟಿಮೀಟರ್. ಚೆಂಡು ನೇರ ಗೆರೆಯಲ್ಲೇ ಸಾಗುವುದಾದರೆ, ನೆಟ್ ದಾಟಿ ಬಾಕ್ಸಿನೊಳಗೆ ಬೀಳಲು ಅದನ್ನು 2.6 ಮೀಟರ್‌ಗಿಂತ ಎತ್ತರದಿಂದ ಹೊಡೆಯಬೇಕು. ಐದೂವರೆ ಅಡಿಯವರು ತೋಳು, ರಾಕೆಟ್ ಎರಡನ್ನೂ ಪೂರ್ತಿ ಚಾಚಿದರೂ ಚೆಂಡಿಗೆ ತಾಗುವುದು ಸುಮಾರು ಎರಡೂವರೆ ಮೀಟರ್ ಎತ್ತರದಲ್ಲಿ. ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ಹೊಡೆಯುವ ಜಾಗದಿಂದ ನೆಟ್‌ನ ಮೇಲಂಚಿನ ಮೂಲಕ ನೋಡಿದರೆ ಎದುರಿನ ಸರ್ವಿಸ್ ಬಾಕ್ಸ್ ಕಾಣುವುದೇ ಇಲ್ಲ. ಚೆಂಡನ್ನು ಕೆಳಕ್ಕೆ ಬಾಗಿಸಿ ಒಳಗೆ ಬೀಳಿಸಿಕೊಡುವುದು ಗುರುತ್ವಾಕರ್ಷಣೆ.

ಗುರುತ್ವಕ್ಕೆ ಆ ಕೆಲಸ ಮಾಡಲು ಸಮಯ ಬೇಕು. ಗಾಳಿಯ ತಡೆ ಮತ್ತು ಸ್ಪಿನ್ ಎರಡನ್ನೂ ಬದಿಗಿಟ್ಟು, ಎರಡೂವರೆ ಮೀಟರ್ ಎತ್ತರದಿಂದ ಹೊಡೆದ ಸರ್ವ್‌ನ ಲೆಕ್ಕ ಹಾಕೋಣ. ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಚೆಂಡು ನೆಟ್ ದಾಟಿಯೂ ಒಳಗೇ ಬೀಳುವಂಥ ಕೋನಗಳ ಹರವು ನಾಲ್ಕು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ವೇಗ 100 ಆದರೆ ಅದು ಎರಡು ಡಿಗ್ರಿಗೆ ಇಳಿಯುತ್ತದೆ. 130ಕ್ಕೆ ಒಂದೇ ಡಿಗ್ರಿ. 150ಕ್ಕೆ ಒಂದು ಡಿಗ್ರಿಯ ಮೂರನೇ ಎರಡು ಭಾಗ. ವೇಗ ಮೂವತ್ತು ಕಿಲೋಮೀಟರ್ ಹೆಚ್ಚಿಸಿದ್ದಕ್ಕೆ ತಪ್ಪಿಗೆ ಇದ್ದ ಅವಕಾಶ ಅರ್ಧವಾಯಿತು. ಟಿ.ವಿ.ಯಲ್ಲಿ ಕಾಣುವ ಆರೂವರೆ ಅಡಿಯ ಆಟಗಾರರಿಗೆ ಈ ಕಿಂಡಿ ಇನ್ನಷ್ಟು ಅಗಲ. ಅವರ ವೇಗವನ್ನು ನಾವು ನಕಲು ಮಾಡಹೊರಟರೂ ಅವರ ಎತ್ತರ ನಮಗೆ ಸಿಗುವುದಿಲ್ಲ.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇದೆ. 70 ಕಿಲೋಮೀಟರ್ ವೇಗದ ಸರ್ವ್ ನೆಟ್ ದಾಟಬೇಕಾದರೆ ಅದನ್ನು ಸ್ವಲ್ಪ ಮೇಲ್ಮುಖವಾಗಿಯೇ ಹೊಡೆಯಬೇಕು. ಕಣ್ಣು ಮಾತ್ರ ಕೆಳಗಿರುವ ಬಾಕ್ಸನ್ನು ನೋಡುತ್ತಿರುತ್ತದೆ, ಕೈ ಕಣ್ಣನ್ನು ಹಿಂಬಾಲಿಸುತ್ತದೆ. ಅಷ್ಟು ಮೆಲ್ಲಗೆ ಹೊಡೆದ ಎರಡನೇ ಸರ್ವ್ ನೆಟ್‌ಗೆ ಬೀಳುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಎರಡನೇ ಸರ್ವ್‌ನಲ್ಲಿ ಮೇಲಕ್ಕೆ ಹೊಡೆಯಿರಿ ಎಂದು ಕೋಚ್‌ಗಳು ಬೇಸರವಿಲ್ಲದೆ ಹೇಳುವುದೂ ಇದಕ್ಕೇ.

ವೇಗವನ್ನು ಪೂರ್ತಿ ಬಿಟ್ಟುಕೊಡದೆ ಚೆಂಡನ್ನು ಒಳಗೆ ಇಳಿಸುವ ದಾರಿಯೊಂದಿದೆ, ಅದು ಸ್ಪಿನ್. ರಾಕೆಟ್‌ನಿಂದ ಓರೆಯಾಗಿ ಹೊಡೆದ ಟೆನಿಸ್ ಚೆಂಡು ಬಾಗಿ ಸಾಗುವುದನ್ನು ಐಸಾಕ್ ನ್ಯೂಟನ್ ಗಮನಿಸಿದ್ದ. ಬೆಳಕಿನ ಬಗ್ಗೆ 1672ರಲ್ಲಿ ಬರೆದ ಪ್ರಸಿದ್ಧ ಪತ್ರದಲ್ಲಿ ಅದನ್ನು ನೆನೆದಿದ್ದಾನೆ. ಜರ್ಮನಿಯ ಹೈನ್ರಿಕ್ ಗುಸ್ತಾವ್ ಮ್ಯಾಗ್ನಸ್ 1850ರ ದಶಕದಲ್ಲಿ ತಿರುಗುವ ವಸ್ತುಗಳ ಮೇಲೆ ಪ್ರಯೋಗ ನಡೆಸಿದ. 1877ರಲ್ಲಿ ಲಾರ್ಡ್ ರೇಲಿ ಟೆನಿಸ್ ಚೆಂಡಿನ ಈ ವಿಚಿತ್ರ ಹಾರಾಟದ ಮೇಲೇ ಪ್ರಬಂಧ ಬರೆದ. ಮೊದಲ ವಿಂಬಲ್ಡನ್ ನಡೆದದ್ದೂ ಅದೇ ವರ್ಷ. ಟಾಪ್‌ಸ್ಪಿನ್ ಇರುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಮೇಲ್ಮುಖವಾಗಿ ಹಿಂದಕ್ಕೆ ಎಸೆಯುತ್ತದೆ. ಅದರ ಪ್ರತಿಕ್ರಿಯೆಯಾಗಿ ಚೆಂಡಿನ ಮೇಲೆ ಕೆಳಮುಖ ಬಲ ಬೀಳುತ್ತದೆ. ಗುರುತ್ವಕ್ಕೆ ಒಬ್ಬ ಜೊತೆಗಾರ ಸಿಕ್ಕಂತಾಗಿ, ನೆಟ್‌ಗಿಂತ ಎರಡು ಮೂರು ಅಡಿ ಮೇಲೆ ಹಾದ ಚೆಂಡೂ ಬಾಗಿ ಬಾಕ್ಸಿಗೆ ಇಳಿಯುತ್ತದೆ.

ಬಲ ಹುಟ್ಟುವುದು ಗಾಳಿಯಿಂದ ಎಂದ ಮೇಲೆ ಊರೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಉಷ್ಣಾಂಶ ಒಂದೇ ಇದ್ದರೆ ಅಲ್ಲಿಯ ಗಾಳಿ ಮಂಗಳೂರಿನದಕ್ಕಿಂತ ಸುಮಾರು ಶೇ. 10ರಷ್ಟು ತೆಳು. ಚೆಂಡಿಗೆ ತಡೆ ಕಡಿಮೆ, ಕೆಳಕ್ಕೆ ಒತ್ತುವ ಸ್ಪಿನ್ನಿನ ಬಲವೂ ಅಷ್ಟೇ ಕಡಿಮೆ. ಮಂಗಳೂರಿನಲ್ಲಿ ಗೆರೆಯೊಳಗೆ ಬೀಳುತ್ತಿದ್ದ ಸರ್ವ್ ಬೆಂಗಳೂರಿನಲ್ಲಿ ಉದ್ದ ಹೋದರೆ ಕೈಯನ್ನು ದೂರಬೇಡಿ, ಇನ್ನಷ್ಟು ಸ್ಪಿನ್ ಸೇರಿಸಿ.

ಇನ್ನು ಸಂಭವನೀಯತೆ. ಉದಾಹರಣೆಗಾಗಿ ಒಬ್ಬ ಆಟಗಾರ್ತಿಯನ್ನು ಕಲ್ಪಿಸಿಕೊಳ್ಳೋಣ. ಅವಳ ಬಿರುಸಿನ ಮೊದಲ ಸರ್ವ್ ನೂರಕ್ಕೆ 35 ಸಲ ಒಳಗೆ ಬೀಳುತ್ತದೆ, ಬಿದ್ದಾಗ ಶೇ. 65 ಪಾಯಿಂಟ್ ಅವಳದು. ತಳ್ಳುವ ಎರಡನೇ ಸರ್ವ್ ಶೇ. 85 ಒಳಗೆ ಬೀಳುತ್ತದೆ, ಆದರೆ ಬಿದ್ದಾಗ ಗೆಲ್ಲುವುದು ಶೇ. 40 ಮಾತ್ರ. ಕೂಡಿ ನೋಡಿದರೆ ತನ್ನ ಸರ್ವ್‌ನಲ್ಲಿ ಅವಳು ಗೆಲ್ಲುವುದು ನೂರಕ್ಕೆ ಸುಮಾರು 45 ಪಾಯಿಂಟ್. ಮೊದಲ ಸರ್ವ್‌ನ ಬಿರುಸನ್ನು ಸ್ವಲ್ಪ ತಗ್ಗಿಸಿದಳೆನ್ನಿ. ಶೇ. 60 ಒಳಗೆ, ಬಿದ್ದಾಗ ಶೇ. 58 ಗೆಲುವು. ಮೊತ್ತ 48ಕ್ಕೆ ಏರುತ್ತದೆ. ಇದರ ಜೊತೆಗೆ ಎರಡನೇ ಸರ್ವ್‌ಗೆ ಸ್ಪಿನ್ ಕಲಿತು, ಶೇ. 80 ಒಳಗೆ ಬಿದ್ದು, ಬಿದ್ದಾಗ ಅರ್ಧದಷ್ಟು ಗೆಲ್ಲುವಂತಾದರೆ ಮೊತ್ತ 51ರ ಹತ್ತಿರ ಬರುತ್ತದೆ. 45ಕ್ಕೂ 51ಕ್ಕೂ ಏನು ಮಹಾ ವ್ಯತ್ಯಾಸ ಎನ್ನಿಸಬಹುದು. ಟೆನಿಸ್‌ನ ಅಂಕ ಪದ್ಧತಿ ಸಣ್ಣ ವ್ಯತ್ಯಾಸವನ್ನು ದೊಡ್ಡದು ಮಾಡುತ್ತದೆ. ಮೊದಲ ಸ್ಥಿತಿಯಲ್ಲಿ ಅವಳು ತನ್ನ ಸರ್ವಿಸ್ ಗೇಮ್‌ಗಳಲ್ಲಿ ನೂರಕ್ಕೆ 37 ಗೆಲ್ಲುತ್ತಿದ್ದಳು, ಕೊನೆಯ ಸ್ಥಿತಿಯಲ್ಲಿ 52.

ಹಾಗಾದರೆ ಎರಡೂ ಸಲ ಸುರಕ್ಷಿತ ಸರ್ವ್ ಹೊಡೆದರೆ? ಅವಳ ಹಳೆಯ ತಳ್ಳುವ ಸರ್ವ್ ಅನ್ನೇ ಎರಡು ಸಲ ಬಳಸಿದರೆ ಮೊತ್ತ 39ಕ್ಕೆ ಕುಸಿಯುತ್ತದೆ. ಮೂರರಲ್ಲಿ ಎರಡು ಸಲ ತಪ್ಪುವ ಆ ಬಿರುಸಿನ ಸರ್ವ್ ಕೂಡ ಮೊದಲ ಯತ್ನದಲ್ಲಿ ಲಾಭದ್ದೇ! ಅಮೆರಿಕದ ಗಣಿತಜ್ಞ ಡೇವಿಡ್ ಗೇಲ್ 1971ರಲ್ಲೇ ಈ ಸಮಸ್ಯೆಯ ಬಗ್ಗೆ ಚಿಕ್ಕ, ಚೊಕ್ಕ ಲೇಖನ ಬರೆದಿದ್ದ. ನೆದರ್ಲೆಂಡ್ಸ್‌ನ ಫ್ರಾಂಕ್ ಕ್ಲಾಸೆನ್ ಮತ್ತು ಯಾನ್ ಮ್ಯಾಗ್ನಸ್ (ಈ ಮ್ಯಾಗ್ನಸ್ ಬೇರೆ, ಅರ್ಥಶಾಸ್ತ್ರಜ್ಞ) 1992ರಿಂದ 1995ರವರೆಗಿನ ವಿಂಬಲ್ಡನ್ ಪಂದ್ಯಗಳ ಸುಮಾರು 90 ಸಾವಿರ ಪಾಯಿಂಟ್‌ಗಳನ್ನು ಜಾಲಾಡಿದರು. ವೃತ್ತಿಪರರ ಆಯ್ಕೆ ಅತ್ಯುತ್ತಮಕ್ಕೆ ಬಹಳ ಹತ್ತಿರವಿದೆ ಎಂಬುದು ಅವರಿಗೆ ಕಂಡದ್ದು. ಹವ್ಯಾಸಿಗಳಾದ ನಮಗೆ ಸುಧಾರಿಸಲು ಅವರಿಗಿಂತ ಎಷ್ಟೋ ಹೆಚ್ಚು ಜಾಗವಿದೆ ಎಂಬುದೇ ನನಗೆ ಖುಷಿಯ ವಿಷಯ.

ಒತ್ತಡದಲ್ಲಿ ಲೆಕ್ಕ ಕೈಕೊಡುವುದೂ ಉಂಟು. 2001ರ ವಿಂಬಲ್ಡನ್ ಫೈನಲ್‌ನ ಐದನೇ ಸೆಟ್‌ನಲ್ಲಿ, ಜಗತ್ತೇ ಹೆದರುವ ಸರ್ವ್ ಇದ್ದ ಗೊರಾನ್ ಇವಾನಿಸೆವಿಚ್ ಚಾಂಪಿಯನ್‌ಷಿಪ್ ಪಾಯಿಂಟ್‌ನಲ್ಲಿ ಡಬಲ್ ಫಾಲ್ಟ್ ಮಾಡಿದ. ಮತ್ತೊಂದು ಅವಕಾಶ ಬಂತು, ಮತ್ತೆ ಡಬಲ್ ಫಾಲ್ಟ್. ಕೊನೆಗೂ 9-7ರಲ್ಲಿ ಪ್ಯಾಟ್ರಿಕ್ ರಾಫ್ಟರ್‌ನನ್ನು ಸೋಲಿಸಿದ. ಅಂಥವನಿಗೇ ಹಾಗಾದ ಮೇಲೆ ಕ್ಲಬ್ ಪಂದ್ಯದಲ್ಲಿ ನಮ್ಮ ಮೊಣಕೈ ಬಿಗಿಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹಾಗಾದರೆ ಕೋರ್ಟಿನಲ್ಲಿ ಮಾಡಬೇಕಾದ್ದೇನು? ಮೊದಲು ಹಿಡಿತ. ರಾಕೆಟ್ಟನ್ನು ಸುತ್ತಿಗೆ ಹಿಡಿದ ಹಾಗೆ ಹಿಡಿಯುವ ಕಾಂಟಿನೆಂಟಲ್ ಗ್ರಿಪ್ ಇಲ್ಲದೆ ಸರ್ವ್‌ನಲ್ಲಿ ಒಳ್ಳೆಯ ಸ್ಪಿನ್ ಹುಟ್ಟುವುದು ಕಷ್ಟ. ಆಮೇಲೆ ರಾಕೆಟ್ಟಿನ ವೇಗ. ಎರಡನೇ ಸರ್ವ್‌ನಲ್ಲಿ ರಾಕೆಟ್ ಮೊದಲನೆಯದರಷ್ಟೇ ಜೋರಾಗಿ ಬೀಸಬೇಕು. ಬದಲಾಗಬೇಕಾದ್ದು ದಿಕ್ಕು. ತಂತಿಗಳು ಚೆಂಡಿನ ಹಿಂಬದಿಯನ್ನು ಕೆಳಗಿನಿಂದ ಮೇಲಕ್ಕೆ, ತುಸು ಪಕ್ಕಕ್ಕೆ ಉಜ್ಜಿಕೊಂಡು ಹೋಗಬೇಕು. ಶಕ್ತಿ ಮುಂದಕ್ಕೆ ಹೋಗುವ ಬದಲು ಸ್ಪಿನ್ನಿಗೆ ಹೋಗುತ್ತದೆ. ಚೆಂಡು ನೆಟ್‌ನ ಮೇಲೆ ಎತ್ತರದಲ್ಲಿ ಹಾದು, ಬಿದ್ದ ಮೇಲೆ ಪುಟಿದು ಎದುರಾಳಿಯ ಹೆಗಲಿನವರೆಗೆ ಏಳುತ್ತದೆ. ಇದೇ ಕಿಕ್ ಸರ್ವ್. ರಾಫ್ಟರ್ ಇದರಲ್ಲಿ ನಿಪುಣನಾಗಿದ್ದ. ಬೆನ್ನು ನೋವಿರುವವರು ಇದಕ್ಕಾಗಿ ಹಿಂದಕ್ಕೆ ಬಾಗುವುದು ಬೇಡ, ಚೆಂಡಿನ ಪಕ್ಕವನ್ನು ಸವರುವ ಸ್ಲೈಸ್ ಸರ್ವ್ ಸಾಕು. ಯಾವುದಾದರೂ ಸರಿ, ಗುರಿ ಮೂಲೆಯಲ್ಲ. ಹೆಚ್ಚಿನ ಹವ್ಯಾಸಿಗಳ ಬ್ಯಾಕ್‌ಹ್ಯಾಂಡ್ ದುರ್ಬಲ. ಆ ಕಡೆಗೋ, ನೇರ ಮೈಮೇಲೋ ಹೊಡೆದರೆ ಗೆರೆಯಿಂದ ಸಾಕಷ್ಟು ಅಂತರವೂ ಉಳಿಯುತ್ತದೆ.

ಡಬಲ್ಸ್ ಆಡುವವರಂತೂ ಮೊದಲ ಸರ್ವ್ ಒಳಗೆ ಬೀಳುವುದನ್ನೇ ಮುಖ್ಯವೆಂದು ಭಾವಿಸಬೇಕು. ಎರಡನೇ ಸರ್ವ್ ಮೆತ್ತಗಿದ್ದರೆ ಏಟು ಬೀಳುವುದು ನೆಟ್‌ನ ಬಳಿ ನಿಂತ ಜೊತೆಗಾರನಿಗೆ. ಕೊಡಗಿನಲ್ಲಿ ಬೆಳೆದ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, ತನ್ನ 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಜಗತ್ತಿನ ನಂ. 1 ಆದರು. ಆ ವಯಸ್ಸಿನಲ್ಲೂ ಸರ್ವ್ ಅವರ ದೊಡ್ಡ ಆಸ್ತಿಯಾಗಿತ್ತು. ಟೆನಿಸ್‌ನಲ್ಲಿ ಎದುರಾಳಿಯ ಚೆಂಡಿಗೆ ಕಾಯದೆ, ಓಡದೆ, ನಮ್ಮ ಸಮಯಕ್ಕೆ ನಾವೇ ಹೊಡೆಯುವ ಹೊಡೆತ ಇದೊಂದೇ. ಮಂಡಿ ಸೋತವರೂ ಇದನ್ನು ಸುಧಾರಿಸಿಕೊಳ್ಳಬಹುದು.

ಅಭ್ಯಾಸಕ್ಕೆ ಒಂದು ಸಲಹೆ. ಬುಟ್ಟಿ ತುಂಬ ಚೆಂಡು ಇಟ್ಟುಕೊಂಡು ಮೊದಲ ಸರ್ವ್ ಹೊಡೆಯುತ್ತ ಹೆಗಲು ದಣಿಸಿಕೊಳ್ಳುವ ಬದಲು ಮುಕ್ಕಾಲು ಪಾಲು ಚೆಂಡನ್ನು ಎರಡನೇ ಸರ್ವ್‌ಗೆ ಇಡಿ. ಗೆಳೆಯರ ಜೊತೆ ವಾರಕ್ಕೊಂದು ಸೆಟ್ಟನ್ನು ಒಂದೇ ಸರ್ವ್ ಎಂಬ ನಿಯಮದಲ್ಲಿ ಆಡಿ. ಮೊದಲ ಕೆಲವು ಗೇಮ್‌ಗಳಲ್ಲಿ ಇಬ್ಬರೂ ಚೆಂಡನ್ನು ತಳ್ಳುತ್ತೀರಿ. ತಳ್ಳಿದ ಚೆಂಡು ಏಟು ತಿಂದು ವಾಪಸು ಬರುತ್ತದೆ. ನಾಲ್ಕನೆಯದೋ ಐದನೆಯದೋ ಗೇಮ್‌ನ ಹೊತ್ತಿಗೆ ಯಾರಾದರೊಬ್ಬರು ರಾಕೆಟ್ಟನ್ನು ಪೂರ್ತಿ ಬೀಸಲು ತೊಡಗುತ್ತೀರಿ.